ಸಂಗಣ್ಣನ ತಲೆಗೆ ಗೇಟ್ ಪಾಸ್

ತನ್ನ ಜಟೆಯ ಒಂದೇ ಒಂದು ಎಳೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿ ವೀರಭದ್ರನನ್ನು ಎಬ್ಬಿಸಿದ ಪರಶಿವನಿಗೆ ಶರಣು. ಬಿದ್ದ ಕೂದಲನ್ನು ಯಾರೂ ಹಗುರವಾಗಿ ಕಾಣಬಾರದೆಂದು ಲೋಕಕ್ಕೆ ಮೊದಲು ತೋರಿಸಿಕೊಟ್ಟವನು ಅವನೇ. ಅವನನ್ನು ನೆನೆದು, ಪೀಣ್ಯದ ಎರಡನೇ ಹಂತದಲ್ಲಿ ನಡೆದ ಈ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ನಿವೇದಿಸಲಾಗಿದೆ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಹೊರದೇಶದ ಗಿರಾಕಿಯೊಬ್ಬರು ಕಾರ್ಖಾನೆಗೆ ಒಂದು ಕೂದಲನ್ನು ವಾಪಸ್ ಕಳುಹಿಸಿದರು.

ಕೂದಲು ಕಪ್ಪಗಿತ್ತು. ಆರು ಸೆಂಟಿಮೀಟರ್ ಎರಡು ಮಿಲಿಮೀಟರ್ ಉದ್ದವಿತ್ತು. ಕಾರ್ಖಾನೆ ರವಾನಿಸಿದ್ದ ಹಿತ್ತಾಳೆಯ ವಾಲ್ವುಗಳ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಹೋಗಿತ್ತು. ವಾಲ್ವುಗಳಲ್ಲಿ ದೋಷವಿರಲಿಲ್ಲ. ಕೂದಲಿನಲ್ಲೂ ದೋಷವಿರಲಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದದ್ದೇ ದೋಷ ಎಂದು ಗಿರಾಕಿ ವಿನಯದಿಂದ ಬರೆದಿದ್ದರು. ಶಿವರಾತ್ರಿಯ ಮುಂದಿನ ಸೋಮವಾರ ತಮ್ಮ ಆಡಿಟರ್ ಬರುವರೆಂದೂ, ಅಷ್ಟರಲ್ಲಿ ಕೂದಲಿನ ಮೂಲವನ್ನು ಹುಡುಕಿ ಸರಿಪಡಿಸಿರಬೇಕೆಂದೂ ಸೇರಿಸಿದ್ದರು.

ಮೂಲ ಹುಡುಕುವುದು ಕಷ್ಟವಾಗಲಿಲ್ಲ. ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವ ಸಂಗಣ್ಣ ತಾನಾಗಿಯೇ ಕೈ ಎತ್ತಿದ. ವಿಜಯಪುರದ ಕಡೆಯವನು, ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಹನ್ನೊಂದು ವರ್ಷದಿಂದ ಕಾಂಟ್ರ್ಯಾಕ್ಟಿನ ಮೇಲೆ ಇದ್ದವನು. ಹಣೆಯ ಎರಡೂ ಬದಿಯಲ್ಲಿ ಕೂದಲು ಹಿಂದೆ ಸರಿದು, ನೆತ್ತಿಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಯಾವ ಅಡ್ಡಿಯೂ ಇಲ್ಲದೆ ಬೀಳುತ್ತಿತ್ತು.

ಈ ತಲೆಯ ಮೇಲೆ ಒಂದು ಹರಕೆಯೂ ಇತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಗನ ನೌಕರಿ ಕಾಯಂ ಆದರೆ ಅವನ ತುಂಬಿದ ತಲೆಯ ಮುಡಿಯನ್ನು ಮನೆದೇವರು ವೀರಭದ್ರನಿಗೆ ಕೊಡಿಸುವೆನೆಂದು ತಾಯಿ ಮುದುಕವ್ವ ಬೇಡಿಕೊಂಡಿದ್ದಳು. ಹರಕೆ ಹೊತ್ತಾಗ ತಲೆ ನಿಜಕ್ಕೂ ತುಂಬಿತ್ತು. ಕೊಡಲು ದೇವರು ಸಿದ್ಧನಿದ್ದರೂ ಕಾರ್ಖಾನೆ ತಡಮಾಡಿತು, ಆ ನಡುವೆ ದೇವರಿಗೆ ಸಲ್ಲಬೇಕಾದದ್ದು ಬಚ್ಚಲಿಗೆ ಸಲ್ಲುತ್ತ ಹೋಯಿತು. ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿ ಮುದುಕವ್ವ ದಿನಾ ಬೆಳಿಗ್ಗೆ ಮಗನ ಬಾಚಣಿಗೆ ನೋಡಿ, "ಹನ್ನೊಂದು ವರ್ಷ ದೇವ್ರು ಕಾದಾನ. ನಿನ್ನ ಕೂದ್ಲ ಕಾಯವಲ್ಲವು," ಎನ್ನುತ್ತಿದ್ದಳು.

ಕ್ವಾಲಿಟಿ ಮ್ಯಾನೇಜರ್ ಶ್ರೀಧರ್ ಅವರು ಸಭೆ ಕರೆದರು. ಯಾವ ದೋಷಕ್ಕಾದರೂ ಐದು ಸಲ 'ಯಾಕೆ' ಎಂದು ಕೇಳಿದರೆ ಮೂಲ ಕಾರಣ ಸಿಗುತ್ತದೆಂಬುದು ಕಾರ್ಖಾನೆಯ ನಂಬಿಕೆ. ಫಾರ್ಮಿನಲ್ಲಿ ಅದಕ್ಕೆಂದೇ ಐದು ಚೌಕಗಳಿದ್ದವು.

"ಪೆಟ್ಟಿಗೆಯಲ್ಲಿ ಕೂದಲು ಯಾಕಿತ್ತು?"

"ಬಿತ್ರಿ ಸರ."

"ಯಾಕೆ ಬಿತ್ತು?"

"ಉದುರತಾವ್ರಿ."

"ಟೋಪಿ ಹಾಕಿದ್ರೂ ಯಾಕೆ ಉದುರ್ತು?"

"ಟೊಪ್ಪಿಗಿಗೆ ಅದು ಗೊತ್ತಾಗಂಗಿಲ್ರಿ ಸರ."

"ತಲೆಯಿಂದ ಯಾಕೆ ಉದುರತ್ತೆ?"

"ನಮ್ಮಪ್ಪಂದೂ ಹಿಂಗ ಉದುರಿತ್ರಿ."

"ಅವರದ್ದು ಯಾಕೆ ಉದುರ್ತು?"

"ಅದನ್ನ ನಾ ಕೇಳಿಲ್ರಿ."

ಐದು ಚೌಕ ತುಂಬಿದ್ದರಿಂದ ಶ್ರೀಧರ್ ಅವರು ಪೆನ್ನು ಎತ್ತಿ, 'ಮೂಲ ಕಾರಣ: ತಂದೆ ಭೀಮಪ್ಪ' ಎಂದು ಬರೆದರು. 'ಸರಿಪಡಿಸಬೇಕಾದವರು' ಎಂಬಲ್ಲಿಯೂ ಭೀಮಪ್ಪ ಎಂದೇ ಬರೆದು, ಯಾವ ತಾರೀಖಿನೊಳಗೆ ಸರಿಪಡಿಸುತ್ತಾರೆಂದು ಕೇಳಿದರು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತೆಂದು ಸಂಗಣ್ಣ ತಿಳಿಸಿದ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು. ನಂತರ ಆ ಚೌಕದಲ್ಲಿ 'ಸಂಬಂಧಪಟ್ಟವರು ಲಭ್ಯವಿಲ್ಲ, ಪರ್ಯಾಯ ಕ್ರಮ ಕೈಗೊಳ್ಳುವುದು' ಎಂದು ನಮೂದಾಯಿತು.

ಪರ್ಯಾಯ ಕ್ರಮವೆಂದರೆ ತಲೆಯನ್ನೇ ದುರಸ್ತಿ ಮಾಡುವುದು. ನಂಬರಿಲ್ಲದ ವಸ್ತುವನ್ನು ದುರಸ್ತಿ ಮಾಡಲು ನಿಯಮದಲ್ಲಿ ಅವಕಾಶವಿರಲಿಲ್ಲವಾದ್ದರಿಂದ, ಸಂಗಣ್ಣನ ತಲೆಗೆ 'ಎಸ್‌ಟಿ-01' ಎಂಬ ನಂಬರು ಕೊಟ್ಟು, ಕುತ್ತಿಗೆಗೆ ಹಳದಿ ಚೀಟಿ ಕಟ್ಟಿ, ಲೇತ್ ಮಷೀನುಗಳ ಪಟ್ಟಿಯ ಕೊನೆಯಲ್ಲಿ ಸೇರಿಸಿದರು. ಪಕ್ಕದ ಮಷೀನಿನ ಚಿರಂಜೀವಿ, ಹಣೆಯ ಮೇಲಿನ ತನ್ನ ದಟ್ಟ ಕೂದಲನ್ನು ಊದಿ ಹಾರಿಸುತ್ತ, "ಏನ್ ಲಕ್ ಮಗಾ ನಿಂದು! ನಾಕ್ ವರ್ಷದಿಂದ ಕಾಯ್ತಿದೀನಿ, ನಂಗಿನ್ನೂ ಎಂಪ್ಲಾಯಿ ನಂಬರೇ ಬಂದಿಲ್ಲ. ನಿನ್ ತಲೆಗೆ ಬಂದ್ಬಿಡ್ತಲ್ಲೋ!" ಎಂದ.

ಸಂಗಣ್ಣನನ್ನು ಚರ್ಮದ ಡಾಕ್ಟರ್ ಆಶಾರಾಣಿಯವರ ಬಳಿ ಕಳುಹಿಸಲಾಯಿತು. ಈ ಕಥೆಯಲ್ಲಿ ಬರುವವರ ಪೈಕಿ ಅವರೊಬ್ಬರೇ ತಲೆಯನ್ನು ತಲೆಯಂತೆ ನೋಡಿದ್ದು.

"ಇದು ಗಂಡಸರಲ್ಲಿ ತುಂಬಾ ಜನಕ್ಕೆ ಬರೋದೇ ಕಣ್ರೀ, ಭಯ ಬೀಳ್ಬೇಡಿ. ತಂದೆ ಕಡೆಯಿಂದ್ಲೂ ಬರಬಹುದು, ತಾಯಿ ಕಡೆಯಿಂದ್ಲೂ ಬರಬಹುದು. ಮಿನಾಕ್ಸಿಡಿಲ್ ಅಂತ ಲೋಶನ್ ಇದೆ, ಒಣಗಿದ ತಲೆಗೆ ಬೆಳಿಗ್ಗೆ ಒಂದು ಎಮ್ಮೆಲ್, ಸಂಜೆ ಒಂದು ಎಮ್ಮೆಲ್. ದಿನಾ ಒಂದು ಫಿನಾಸ್ಟರೈಡ್ ಮಾತ್ರೆ. ಕೆಲವೇ ಕೆಲವರಿಗೆ ಗಂಡ-ಹೆಂಡತಿ ವಿಷಯದಲ್ಲಿ ಆಸಕ್ತಿ ಕಮ್ಮಿ ಆಗಬಹುದು, ಮನಸ್ಸು ಮಂಕಾಗಬಹುದು. ಹಾಗಾದ್ರೆ ಮುಚ್ಚಿಡದೆ ಬಂದು ಹೇಳಿ. ಮಾತ್ರೆ ಒಡೆದ್ರೆ ಬಸುರಿಯರು ಮುಟ್ಟಬಾರದು. ಮೊದಮೊದಲು ಉದುರೋದು ಇನ್ನೂ ಜಾಸ್ತಿ ಆಗತ್ತೆ, ಹೆದರಿ ನಿಲ್ಲಿಸ್ಬೇಡಿ. ಗುಣ ಕಾಣೋಕೆ ಆರು ತಿಂಗಳಾದ್ರೂ ಬೇಕು. ಎಲ್ರಿಗೂ ಬಂದೇ ಬರತ್ತೆ ಅಂತ ನಾನು ಹೇಳಲ್ಲ. ಬಿಟ್ರೆ ಬಂದಿದ್ದೂ ಹೋಗತ್ತೆ."

"ಬ್ಯಾರೆ ದಾರಿ ಏನರ ಅದಾವೇನ್ರಿ ಡಾಕ್ಟರ್?"

"ಹಿಂದಿನ ಕೂದಲು ತೆಗೆದು ಮುಂದೆ ನೆಡಿಸಬಹುದು. ವಿಗ್ ಇದೆ. ಏನೂ ಮಾಡದೆ ಬೋಳಾಗಿ ಆರಾಮಾಗಿ ಇರೋದೂ ಒಂದು ದಾರೀನೇ."

ವರದಿಯನ್ನು ಸಮಿತಿ ಪರಿಶೀಲಿಸಿತು. ಹಿಂದಿನ ಕೂದಲನ್ನು ಮುಂದೆ ನೆಡುವುದೆಂದರೆ ಒಂದು ರ್‍ಯಾಕಿನ ಮಾಲನ್ನು ಇನ್ನೊಂದಕ್ಕೆ ಇಟ್ಟಂತೆ, ಒಟ್ಟು ಸ್ಟಾಕ್ ಏರುವುದಿಲ್ಲವೆಂದು ಅದನ್ನು ಕೈಬಿಟ್ಟರು. ವಿಗ್ ಹೊರಗಿನಿಂದ ತರಿಸುವ ಬಿಡಿಭಾಗವಾದ್ದರಿಂದ ತಯಾರಕರ ತಲೆಯನ್ನೂ ತಪಾಸಣೆ ಮಾಡಬೇಕಾಗುತ್ತಿತ್ತು. ಬೋಳಾಗಿ ಆರಾಮಾಗಿರುವುದಕ್ಕೆ ಫಾರ್ಮ್ ಇರಲಿಲ್ಲ. ಲೋಶನ್ನೇ ಮಂಜೂರಾಯಿತು.

ಲೋಶನ್ನಿನ ಬಾಟಲಿ ಸ್ಟೋರಿನಲ್ಲಿ ಗ್ರೀಸು, ಕಟಿಂಗ್ ಆಯಿಲ್‌ಗಳ ಸಾಲಿನಲ್ಲಿ ಬಂದು ಕೂತಿತು. ಮಾತ್ರೆಯ ಡಬ್ಬಿಯ ಸುತ್ತ ನೆಲಕ್ಕೆ ಹಳದಿ ಗೆರೆ ಎಳೆದು, 'ಬಸುರಿಯರಿಗೆ ಪ್ರವೇಶವಿಲ್ಲ' ಎಂಬ ಬೋರ್ಡು ನಿಲ್ಲಿಸಿದರು. ಬೆಳಿಗ್ಗೆ, ಸಂಜೆ ಎರಡೂ ಶಿಫ್ಟಿನ ಆರಂಭದಲ್ಲಿ ಮೆಂಟೆನೆನ್ಸ್‌ನವರು ಚೀಟಿ ಕೊಟ್ಟು ಒಂದು ಎಮ್ಮೆಲ್ ಪಡೆದು ಎಸ್‌ಟಿ-01ಕ್ಕೆ ಹಾಕಿ ಸಹಿ ಮಾಡುತ್ತಿದ್ದರು. ಭಾನುವಾರ ಕಾರ್ಖಾನೆಗೆ ರಜೆಯಿದ್ದರೂ ತಲೆಗೆ ರಜೆಯಿರಲಿಲ್ಲ. ಸಂಗಣ್ಣ ಅಂದೂ ತಲೆ ತಂದು ತೋರಿಸಿ ಹೋಗಬೇಕಿತ್ತು.

"ತಲಿಗೆ ಹಚ್ಚಾಕ ಯಾರರ ಚೀಟಿ ಬರೀತಾರೇನೋ ತಮ್ಮಾ?" ಎಂದಳು ಮುದುಕವ್ವ.

"ರೂಲ್ ಅದ ಯವ್ವಾ."

"ಹಂಗಾರ ಹಚ್ಚಸ್ಕೋ. ಮಂದಿ ಹಚ್ಚಿದ್ರ ಏನಾತು, ಕೂದ್ಲ ವೀರಭದ್ರಂದಲ್ಲ?"

ಆರನೇ ವಾರ ಡಾಕ್ಟರ್ ಹೇಳಿದಂತೆಯೇ ಕೂದಲು ಇನ್ನೂ ಜೋರಾಗಿ ಉದುರಿತು. ಹಳದಿ ಚೀಟಿ ಕಿತ್ತು ಕೆಂಪು ಚೀಟಿ ಕಟ್ಟಿದರು. ಕೆಂಪು ಚೀಟಿಯ ಯಾವುದನ್ನೂ ಚಾಲೂ ಮಾಡುವಂತಿಲ್ಲವಾದ್ದರಿಂದ, ಸಂಗಣ್ಣನನ್ನು ಕೆಟ್ಟ ಮೋಟಾರುಗಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರಿಸಲಾಯಿತು. ಅವನು ಅಲ್ಲಿ ನಾಲ್ಕು ತಿಂಗಳು ಕೂತು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸಿದ. ಮೋಟಾರುಗಳ ಪೈಕಿ ಎರಡು ತಾವಾಗಿಯೇ ಸರಿಹೋದವೆಂದು ದಾಖಲೆಯಿದೆ. ಭಗವಂತನ ಕೃಪೆ ಎಲ್ಲಿ ಹರಿಯುತ್ತದೆಂದು ಹೇಳಲಾಗದು.

ಪುಷ್ಯ ಮಾಸದಲ್ಲಿ ಸಂಗಣ್ಣನ ನೆತ್ತಿಯ ಮೇಲೆ ನುಣುಪಾದ ನೂಗು ಕಾಣಿಸಿತು. ಮಾಘದ ಹೊತ್ತಿಗೆ ಅದು ಕೂದಲಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ಸಂಗಣ್ಣನಿಗಾಯಿತು. ಹಸಿರು ಚೀಟಿ ಬಿತ್ತು. ಆಡಿಟ್‌ಗೆ ಮೊದಲು ಈ ತಲೆ ಕೈತಪ್ಪಬಾರದೆಂದು ಅದೇ ವಾರ ಎಚ್‌ಆರ್ ವಿಭಾಗದ ವನಜಾ ಮೇಡಂ ಅವನನ್ನು ಕರೆದು ಕಾಯಂ ಆದೇಶವನ್ನು ಕೈಗಿತ್ತರು. ಹನ್ನೊಂದು ವರ್ಷ ಕಾದ ಕಾಗದ. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಕೊನೆಯ ಸಾಲು ಹೀಗಿತ್ತು: 'ಎಸ್‌ಟಿ-01ರ ಮೇಲೆ ಬೆಳೆದಿರುವ ಕೂದಲು ಕಾರ್ಖಾನೆಯ ಲೋಶನ್ನಿನಿಂದ ಉಂಟಾದದ್ದರಿಂದ ಕಾರ್ಖಾನೆಯ ಆಸ್ತಿಯಾಗಿರುತ್ತದೆ. ಆಡಿಟ್ ಮುಗಿಯುವವರೆಗೆ ಅದನ್ನು ಕತ್ತರಿಸಿದಲ್ಲಿ ಈ ಆದೇಶ ರದ್ದಾಗುತ್ತದೆ.'

ಶಿವರಾತ್ರಿಗೆ ಐದು ದಿನ ಉಳಿದಿತ್ತು. ಊರಿಗೆ ಹೋಗಲು ಮುದುಕವ್ವ ಗಂಟು ಕಟ್ಟಿಯಾಗಿತ್ತು.

"ಮುಡಿ ಕೊಟ್ಬಿಟ್ರೆ ಸೋಮವಾರ ಆಡಿಟರ್‌ಗೆ ಏನ್ ತೋರ್ಸೋಣ ಸಂಗಣ್ಣ? ನಾವ್ ಕ್ರಮ ತಗೊಂಡಿದೀವಿ ಅನ್ನೋದಕ್ಕೆ ಇರೋ ಸಾಕ್ಷಿ ಅದೊಂದೇ ಅಲ್ವಾ?" ಎಂದರು ವನಜಾ ಮೇಡಂ.

"ಹರಕಿ ಐತ್ರಿ ಮೇಡಂ. ಕಾಯಂ ಆದ್ರ ಕೊಡ್ತೀವಿ ಅಂತ ಬೇಡ್ಕೊಂಡೀವ್ರಿ."

"ನಿಮ್ಮನ್ನ ಕಾಯಂ ಮಾಡಿದ್ದು ಮ್ಯಾನೇಜ್ಮೆಂಟು ಕಣ್ರೀ, ದೇವರಲ್ಲ."

ಸಂಗಣ್ಣ ಯೋಚಿಸಿದ. "ಹಂಗಾರ ಮ್ಯಾನೇಜ್ಮೆಂಟಿಗೇ ಮುಡಿ ಕೊಡ್ಲೇನ್ರಿ?"

ವನಜಾ ಮೇಡಂ ಫೈಲು ತಿರುವಿ ನೋಡಿ, "ಅದಕ್ಕೆ ಅವಕಾಶ ಇಲ್ಲ," ಎಂದರು.

ಸಂಗಣ್ಣ ಆದೇಶದ ಕಾಗದವನ್ನು ನಾಲ್ಕು ಮಡಿಕೆ ಮಾಡಿದ್ದವನು ಬಿಚ್ಚಿ, ಅಂಗೈಯಿಂದ ಉಜ್ಜಿ ನೇರ ಮಾಡಿ, ಮೇಜಿನ ಮೇಲಿಟ್ಟ. "ಇದು ನಿಮ್ಮ ಹತ್ರಾನ ಇರ್ಲಿ ಮೇಡಂ. ನಾ ಹೋಗಿ ಬರ್ತೀನ್ರಿ. ರದ್ದಾದ್ರ ಆಗ್ಲಿ. ಅಂವಾ ಹನ್ನೊಂದು ವರ್ಷ ನನ್ನ ಮ್ಯಾಲ ಸಿಟ್ಟಾಗಿಲ್ರಿ." ಅವನು ನೇರ ಬಾಗಿಲಿನ ಕಡೆಗೆ ನಡೆದ.

ಗೇಟಿನಲ್ಲಿ ಸೆಕ್ಯೂರಿಟಿ ಲಕ್ಷ್ಮಯ್ಯ ಅಡ್ಡ ನಿಂತ. ದಿನಾ ಸಂಜೆ ತಲೆಯನ್ನು ಮನೆಗೆ ಒಯ್ಯಲು ಬಾಯಿಮಾತಿನ ಅನುಮತಿಯಿತ್ತು. ಬೇರೆ ಜಿಲ್ಲೆಗೆ ಒಯ್ಯಲು ಇರಲಿಲ್ಲ.

"ಅಂಗೆಲ್ಲಾ ಬಿಡಕ್ಕಾಗಲ್ಲ ಕಣಪ್ಪಾ. ಗೇಟ್ ಪಾಸ್ ಎಲ್ಲಿ? ವಾಪಸ್ ಬರೋ ಮಾಲೋ, ಬರ್ದೇ ಇರೋ ಮಾಲೋ? ಎರಡಕ್ಕೂ ಬೇರೆ ಬೇರೆ ಬುಕ್ಕೈತೆ."

"ತಲಿ ಬರ್ತದ ಅಣ್ಣಾ. ಕೂದ್ಲ ಸ್ವಲ್ಪ ತಡವಾಗಿ ಬರ್ತಾವ."

ಈ ಮಾತು ಫೋನಿನಲ್ಲಿ ಶ್ರೀಧರ್ ಅವರ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. ಪೀಣ್ಯದಲ್ಲಿ ವಸ್ತು ಹೊರಗೆ ಹೋಗಿ ಕೆಲಸ ಮಾಡಿಸಿಕೊಂಡು ಬರುವುದು ದಿನನಿತ್ಯದ ಸಂಗತಿ. ಬಣ್ಣಕ್ಕೆ ಒಂದು ಶೆಡ್ಡು, ಪಾಲಿಶಿಗೆ ಇನ್ನೊಂದು. ಅದಕ್ಕೆ ಜಾಬ್ ವರ್ಕ್ ಎನ್ನುತ್ತಾರೆ, ಚಲನ್ ಬರೆಯುತ್ತಾರೆ. ಬೋಳಿಸಿದರೂ ಬೇರು ಒಳಗೇ ಇರುವುದರಿಂದ ಔಷಧ ಮುಂದುವರಿಸಿದರೆ ಕೂದಲು ಮತ್ತೆ ಬರುತ್ತದೆಂದು ಡಾಕ್ಟರ್ ಆಶಾರಾಣಿ ಫೋನಿನಲ್ಲಿ ಖಚಿತಪಡಿಸಿದರು. ಯಾಕೆ ಕೇಳುತ್ತಿದ್ದೀರೆಂದು ಅವರು ಕೇಳಲಿಲ್ಲ. ಚಲನ್ ಮೂರು ಪ್ರತಿಯಲ್ಲಿ ಸಿದ್ಧವಾಯಿತು: 'ಕಳುಹಿಸುತ್ತಿರುವ ವಸ್ತು: ತಲೆ, ಒಂದು. ಮಾಡಬೇಕಾದ ಕೆಲಸ: ಮುಂಡನ. ಹೊರಗಿನ ಪಾರ್ಟಿ: ಶ್ರೀ ವೀರಭದ್ರ ದೇವರು. ತಲೆ ಹಿಂದಿರುಗುವ ದಿನ: ಸೋಮವಾರ. ಕೂದಲು ಹಿಂದಿರುಗುವ ದಿನ: ಶ್ರಾವಣ ಮಾಸದೊಳಗೆ.'

ಶಿವರಾತ್ರಿಯ ಬೆಳಿಗ್ಗೆ ಮುಡಿ ಸಲ್ಲಿತು. ಮುದುಕವ್ವ ಅಳುತ್ತಳುತ್ತಲೇ ಮಗನ ಬೋಳು ತಲೆಗೆ ವಿಭೂತಿ ಹಚ್ಚಿದಳು. ಅರ್ಚಕರು ಚಲನ್ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, 'ಮಾಲು ಪೂರ್ತಿ ಮುಟ್ಟಿದೆ' ಎಂದು ಸಹಿ ಮಾಡಿ ದೇವಸ್ಥಾನದ ಮೊಹರು ಒತ್ತಿದರು.

ಸೋಮವಾರ ಆಡಿಟರ್ ಬಂದರು. ವನಜಾ ಮೇಡಂ ಕಾಯಂ ಆದೇಶವನ್ನೂ ಅದನ್ನು ರದ್ದು ಮಾಡುವ ಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರು. ಆಡಿಟರ್ ಸಂಗಣ್ಣನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಅಂಗೈಯಿಂದ ಸವರಿದರು. ಬಿಳಿ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಂಗಣ್ಣ ಕಣ್ಣು ಮುಚ್ಚಿದ್ದ.

"ಇದುವರೆಗೆ ನೂರಾರು ಕಾರ್ಖಾನೆ ನೋಡಿದೀನಿ," ಎಂದರು ಆಡಿಟರ್. "ಎಲ್ಲರೂ ಟೋಪಿ ಹಾಕಿ ಮುಚ್ತಾರೆ. ಮೂಲವನ್ನೇ ತೆಗೆದವರು ನೀವೊಬ್ಬರೇ." ವರದಿಯಲ್ಲಿ 'ಅನುಕರಣೀಯ' ಎಂದು ಬರೆದು, ಅದರ ಕೆಳಗೆ, 'ಕಾರ್ಖಾನೆಯಲ್ಲಿರುವ ಇಂಥ ಎಲ್ಲ ಮೂಲಗಳಿಗೂ ವಿಸ್ತರಿಸಿ' ಎಂದು ಸೇರಿಸಿದರು.

ವನಜಾ ಮೇಡಂ ರದ್ದು ಪತ್ರಕ್ಕೆ ಅಡ್ಡಗೆರೆ ಎಳೆದು, ಅದರ ಹಿಂದಿನ ಖಾಲಿ ಬದಿಯಲ್ಲಿಯೇ ಸುತ್ತೋಲೆಯ ಕರಡು ಬರೆದರು:

'ಎಲ್ಲ ಪುರುಷ ನೌಕರರ ಗಮನಕ್ಕೆ. ಈ ತಿಂಗಳೊಳಗೆ ಪ್ರತಿಯೊಬ್ಬರೂ ವೀರಭದ್ರ ದೇವರಿಗೆ ಹರಕೆ ಹೊರತಕ್ಕದ್ದು. ಹರಕೆ ಇಲ್ಲದವರಿಗೆ ಎಚ್‌ಆರ್ ವಿಭಾಗದಲ್ಲಿ ಹರಕೆ ಒದಗಿಸಲಾಗುವುದು. ಬಸ್ಸಿನ ವ್ಯವಸ್ಥೆ ಇದೆ. ಈಗಾಗಲೇ ಸ್ವಾಭಾವಿಕವಾಗಿ ಬೋಳಾಗಿರುವ ನಮ್ಮ ಮಾಲೀಕರನ್ನು ಅಭಿನಂದಿಸಲಾಗಿದೆ.'

ಯಾರೂ ತಕರಾರು ಮಾಡಲಿಲ್ಲ. ಶ್ರೀಧರ್ ಅವರೇ ಮೊದಲ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತರು. ಚಿರಂಜೀವಿ ತನ್ನ ಕೂದಲನ್ನು ಕೊನೆಯ ಸಲ ಊದಿ ಹಾರಿಸಿ, ಹರಕೆ ಫಾರ್ಮಿನಲ್ಲಿ 'ಬೇಡಿಕೆ: ಎಂಪ್ಲಾಯಿ ನಂಬರ್' ಎಂದು ತುಂಬಿದ. ಹಿಂದಿರುಗಿದ ಮರುದಿನವೇ ಅವನ ತಲೆಗೆ ಎಸ್‌ಟಿ-47 ಎಂಬ ನಂಬರು ಬಂತು. ಅವನದ್ದು ಇನ್ನೂ ಬಂದಿಲ್ಲ.

ಶ್ರಾವಣದಲ್ಲಿ, ಗೇಟ್ ಪಾಸಿನ ಗಡುವಿನ ದಿನ, ಸಂಗಣ್ಣ ದಟ್ಟವಾಗಿ ಬೆಳೆದ ಕೂದಲಿನೊಂದಿಗೆ ಗೇಟಿಗೆ ಬಂದ. ಲಕ್ಷ್ಮಯ್ಯ ಎರಡೂ ಕೈಯಿಂದ ಮುಟ್ಟಿ ನೋಡಿ, "ಪೂರ್ತಿ ವಾಪಸ್ ಬಂದೈತೆ," ಎಂದು ಬುಕ್ಕಿನಲ್ಲಿ ಸಹಿ ಮಾಡಿದ. ಒಳಗೆ ಹೋದೊಡನೆ ಶ್ರೀಧರ್ ಅವರು ಅದನ್ನು ದೋಷವೆಂದು ಗುರುತಿಸಿದರು. ಹೊಸ ಚಲನ್ ತಯಾರಾಯಿತು.

ಅಂದಿನಿಂದ ಹಾಗೆಯೇ ನಡೆದುಕೊಂಡು ಬಂದಿದೆ. ಕೂದಲು ವಾಪಸ್ ಬರಬೇಕಾದ್ದರಿಂದ ದಿನಕ್ಕೆರಡು ಸಲ ಲೋಶನ್ ಹಚ್ಚುತ್ತಾರೆ, ಇರಬಾರದಾದ್ದರಿಂದ ಬಂದೊಡನೆ ಬೋಳಿಸುತ್ತಾರೆ. ಎರಡಕ್ಕೂ ಪ್ರತ್ಯೇಕ ರಿಜಿಸ್ಟರ್ ಇದೆ, ಎರಡೂ ಕಾಲಕಾಲಕ್ಕೆ ತುಂಬುತ್ತಿವೆ. ಸಂಗಣ್ಣ ಕಾಯಂ ಆಗಿದ್ದಾನೆ. ಒಂದು ಮುಡಿ ಬೇಡಿದ್ದ ಮುದುಕವ್ವ ವರ್ಷಕ್ಕೆರಡು ಸಲ ಕಾರ್ಖಾನೆಯ ಬಸ್ಸಿನಲ್ಲಿ ಮಗನ ಜೊತೆ ಕೂತು ದೇವರ ದರ್ಶನಕ್ಕೆ ಹೋಗುತ್ತಾಳೆ. ಅವಳ ದೇವರಮನೆಯಲ್ಲಿ ವೀರಭದ್ರನ ಪಟದ ಪಕ್ಕದಲ್ಲಿ ಮೊದಲ ಚಲನ್ನಿನ ಮೂರನೇ ಪ್ರತಿಗೆ ದಿನಾ ಹೂವು ಏರುತ್ತದೆ.

ಇದನ್ನು ಕೇಳಿದವರ, ಕೇಳಿಸಿದವರ ತಲೆ ತಣ್ಣಗಿರಲಿ. ಇದ್ದವರಿಗೆ ಇದ್ದದ್ದು ಉಳಿಯಲಿ, ಹೋದವರಿಗೆ ಹೋದದ್ದರ ಚಿಂತೆ ಹೋಗಲಿ. ಹೊತ್ತ ಹರಕೆಗಳೆಲ್ಲ ಯಾವ ಗೇಟಿನಲ್ಲೂ ನಿಲ್ಲದೆ ಮುಟ್ಟಬೇಕಾದವನಿಗೆ ಮುಟ್ಟಲಿ. ಜಟಾಧರನು ಎಲ್ಲರನ್ನೂ ಕಾಯಲಿ.