ನೆಪ್ಚೂನಿನ ಜಾಗ

ಕಾಲೇಜಿನಲ್ಲಿ ಜನ್ಮವಿಡೀ ಭೌತಶಾಸ್ತ್ರ ಕಲಿಸಿದವಳ ಗಂಡ, ನೆಪ್ಚೂನ್ ಗ್ರಹವನ್ನು ಕೋಳಿಗೂಡಿನ ಹಿಂದೆ ನೆಡುತ್ತೇನೆ ಎಂದರೆ ಹೇಗೆ ಸುಮ್ಮನಿರುವುದು, ನೀವೇ ಹೇಳಿ.

ನೆಬ್ರಾಸ್ಕದ ನಮ್ಮೂರಿನ ಗ್ರಂಥಾಲಯದವರು ಮಕ್ಕಳಿಗೆಂದು ಸೌರಮಂಡಲದ ಮಾದರಿ ಕೇಳಿದ್ದರು. ನಮ್ಮ ಅಂಗಳದಲ್ಲಿದ್ದ ಆಳೆತ್ತರದ ಒಣಹುಲ್ಲಿನ ದುಂಡು ಸುರುಳಿಗೆ ಹಳದಿ ಬಳಿದು ಸೂರ್ಯನನ್ನು ಮಾಡಿದೆವು. ಆ ಅಳತೆಗೆ ಭೂಮಿ ಒಂದು ಗೋಲಿ, ಗುರು ಒಂದು ಸಣ್ಣ ಕರಬೂಜ. ಬುಧನಿಂದ ಯುರೇನಸ್‌ವರೆಗೆ ರಸ್ತೆ ಬದಿಯಲ್ಲಿ ಗೂಟ ಹೊಡೆಯುವಾಗ ನನ್ನ ಗಂಡ ಎಮಿಲ್ ತುಟಿ ಪಿಟಕ್ಕೆನ್ನಲಿಲ್ಲ. ಅದೇ ಲೆಕ್ಕದಲ್ಲಿ ಮನೆಯಿಂದ ಮೂರು ಮೈಲಿ ಆಚೆ ಬೀಳುವ ನೆಪ್ಚೂನಿಗೆ ಬಂದಾಗ ತಕರಾರು ಶುರುವಾಯಿತು.

"ಅಷ್ಟು ದೂರ ಯಾವ ಮಗು ನಡೆಯತ್ತೆ? ಗೂಡಿನ ಹಿಂದೆ ನೆಟ್ರೆ ಕೋಳಿಗಳಾದ್ರೂ ನೋಡ್ತವೆ ಬಿಡೆ."

"ಕೋಳಿಗಳಿಗೆ ಪರೀಕ್ಷೆ ಇಲ್ಲ, ಎಮಿಲ್. ಮೂರು ಮೈಲಿ ಅಂದ್ರೆ ಮೂರು ಮೈಲಿ. ಗಾಡಿ ತೆಗಿ."

(ಸೋಮಾರಿತನ ಎಂದುಕೊಂಡೆ. ಪ್ರತಿ ಗುರುವಾರ ಕಾಫಿ ಅಂಗಡಿಗೆ ಹರಟೆಗೆಂದು ಓಡುವಾಗ ಈ ಸೋಮಾರಿತನ ಎಲ್ಲಿ ಅಡಗಿರುತ್ತದೋ.)

ಮೂರು ಮೈಲಿ ಮುಗಿದಾಗ ಎದುರಿಗಿದ್ದದ್ದು ಸ್ಮಶಾನದ ಗೇಟು. ನಮ್ಮ ಮಗಳು ರೋಸಾಲಿ ಅಲ್ಲಿದ್ದಾಳೆ. ಹನ್ನೊಂದು ವರ್ಷದ ಹಿಂದೆ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನಾವಿಬ್ಬರೂ ಆ ಮಾತೆತ್ತಿಲ್ಲ. ನಾನಂತೂ ಈ ಕಡೆ ತಲೆಯನ್ನೂ ಹಾಕಿರಲಿಲ್ಲ. ಲೆಕ್ಕ ಹಾಕುವಾಗ ನನಗೆ ಕಂಡದ್ದು ಮೈಲಿ ಮಾತ್ರ.

ಎಮಿಲ್ ಗಾಡಿ ನಿಲ್ಲಿಸದೆ ಮುಂದೆ ಓಡಿಸಿದ.

"ಹಿಂದಕ್ಕೆ ತಗೋ," ಎಂದೆ.

"ಒಂದು ಚೂರು ಆಚೆ ನೆಟ್ರೆ ಯಾರಿಗೆ ಗೊತ್ತಾಗತ್ತೆ?"

"ನನಗೆ."

ಗಾಡಿ ಹಿಂದಕ್ಕೆ ಬಂತು; ಇಬ್ಬರೂ ಇಳಿದೆವು. ಗೇಟಿನ ಬಳಿ ಹುಲ್ಲು ಕತ್ತರಿಸುತ್ತಿದ್ದ ಕಾವಲುಗಾರ ಯಂತ್ರ ನಿಲ್ಲಿಸಿ ಕೈಯೆತ್ತಿದ. "ಏನ್ ಎಮಿಲ್, ಇವತ್ತು ಗುರುವಾರ ಅಲ್ವಲ್ಲ? ಓ, ಮನೆಯವರೂ ಬಂದಿದಾರೆ. ನಿನ್ನ ಕುರ್ಚಿ ಶೆಡ್ಡಲ್ಲಿದೆ. ಅವರಿಗೂ ಒಂದು ಹುಡುಕ್ಲಾ?"

ನಾನು ಎಮಿಲ್‌ನ ಮುಖ ನೋಡಿದೆ. ಅವನು ತನ್ನ ಬೂಟು ನೋಡಿಕೊಂಡ.

"ಆ ಕಾಫಿ ಅಂಗಡಿ ಮುಚ್ಚಿ ಆರು ವರ್ಷ ಆಯ್ತು," ಎಂದ.

ನೆಪ್ಚೂನ್ ಆಗಬೇಕಿದ್ದ ನೀಲಿ ಮರದ ಚೆಂಡನ್ನು ಹಿಡಿದುಕೊಂಡೇ ಗೇಟು ದಾಟಿ, ಮಗಳ ಕಲ್ಲು ಅಲ್ಲೇ ಎಂದು ನೆನಪಿದ್ದ ದೇವದಾರು ಮರದ ಕಡೆಗೆ ಬಿರಬಿರನೆ ನಡೆದೆ, ತರಗತಿಗೆ ಹೋಗುತ್ತಿದ್ದ ಹಾಗೆ. ಒಂದು ಕಲ್ಲಿನ ಮುಂದೆ ನಿಂತು, ಹೆಸರು ಓದುವ ಮೊದಲೇ ತಲೆ ಬಾಗಿಸಿದೆ.

ಎಮಿಲ್ ಏದುಸಿರು ಬಿಡುತ್ತ ಬಂದು ನನ್ನ ಮೊಣಕೈ ಹಿಡಿದ.

"ಇದು ಹಾವೆಲ್ಕಾ ತಾತಂದು ಕಣೆ," ಎಂದ. "ಮಗಳು ಆ ಕಡೆ. ಬಾ, ತೋರಿಸ್ತೀನಿ."