ತಂಬಿಗೆಗೆ ಕಡ್ಡಿ ಅದ್ದುವ ನನ್ನ ತಮ್ಮ

ನನ್ನ ತಮ್ಮನಿಗೆ ಬಾಯಾರಿಕೆ ಎಂಬುದೇ ಇಲ್ಲ. ಇದ್ದರೂ ಮೊದಲು ಅವನ ಜೇಬಿನ ಕಡ್ಡಿ ನೀರು ಕುಡಿಯಬೇಕು, ಆಮೇಲೆ ಅವನು! ಪೆನ್ನಿನಂಥ ಆ ಕಡ್ಡಿ ಅದ್ದಿದರೆ ನೀರಲ್ಲಿ ಕರಗಿದ ಖನಿಜ ಎಷ್ಟೆಂದು ಅಂಕಿ ಬರುತ್ತದಂತೆ. ಜೊತೆಗೆ ಕಾಗದದ ಪಟ್ಟಿಗಳು ಬೇರೆ. ಅವು ಬಣ್ಣ ತಿರುಗಿದರೆ ಕ್ಷಾರ ಎಷ್ಟೆಂದು ತಿಳಿಯುತ್ತದಂತೆ. ನಾನು ಓದಿದ್ದು ಎರಡನೇ ಕ್ಲಾಸು. ನೀರು ಸಪ್ಪೆಯೋ ಉಪ್ಪೋ ಎನ್ನಲು ನನಗೆ ನಾಲಿಗೆ ಸಾಕು. ಇವನಿಗೆ ನಾಲಿಗೆ ಇರುವುದು ಯಾತಕ್ಕೆ? ಹರಟಲಿಕ್ಕೆ!

ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಆ ತಂಬಿಗೆಗೇ ಕಡ್ಡಿ ಇಳಿಸುತ್ತಾನೆ, ಮಾನಗೆಟ್ಟವನು. ಒಮ್ಮೆ ಪಕ್ಕದ ಮನೆಯಲ್ಲಿ ಅದ್ದಿ, "ಅಯ್ಯಯ್ಯೋ, ಎರಡು ಸಾವಿರ ದಾಟೈತೆ! ವಿಷ ಇದು, ವಿಷ!" ಎಂದು ಕೂಗಿದ. ಕಣ್ಣೆಲ್ಲ ಕಡ್ಡಿಯ ಮೇಲೆ. ತಂಬಿಗೆಯೊಳಗೆ ಇಣುಕಿದ್ದರೆ ತಾನೆ?

"ಅದು ಮಜ್ಜಿಗೆ ಕಣಣ್ಣ, ಉಪ್ಪು ಹಾಕೀನಿ" ಎಂದಳು ಆ ಮನೆಯಾಕೆ.

ನಾಚಿಕೆ ಬೇಡವೇ? ಪಟ್ಟಿ ತೆಗೆದು ಅದನ್ನೂ ಮಜ್ಜಿಗೆಗೆ ಅದ್ದಿದ!

ಹೋದ ವರ್ಷ ಇವನ ಮಗಳಿಗೆ ಆದಿವಾಲದಿಂದ ಸಂಬಂಧ ಬಂತು. ಅದಕ್ಕೆ ಮೊದಲು ಮೂರು ಕಡೆ ತಪ್ಪಿತ್ತು. ಗಂಡಿನ ಮನೆ ನೋಡಲು ಹೊರಟಾಗ ಬಸ್ಸಲ್ಲೇ ಹೇಳಿದೆ.

"ಲೇ, ಕಡ್ಡಿ ಹೊರಗೆ ಬಂತೋ, ಕೈ ಮುರೀತೀನಿ. ಇದೂ ತಪ್ಪಿದ್ರೆ ಕೂಸಿನ ಗತಿ ಏನು?"

"ತೆಗೆಯಲ್ಲ ಬಿಡಕ್ಕ."

ತೆಗೆದ! ಗಂಡಿನ ತಂದೆ ಕೈಗೆ ಕೊಟ್ಟ ತಂಬಿಗೆಗೇ ಅದ್ದಿ, "ಒಳ್ಳೇ ನೀರು ಐತೆ" ಎಂದು ಹಲ್ಲು ಕಿರಿದ.

"ನಮ್ಮನೆ ನೀರಿಗೆ ನಿಮ್ಮ ಸರ್ಟಿಫಿಕೇಟ್ ಬೇಕೇನ್ರೀ? ನಮ್ಮ ಎಮ್ಮೆಗಳು ಇದೇ ಊರ ನೀರು ಕುಡಿದು ಹೆಂಗವೆ ನೋಡ್ರಿ!"

"ಎಮ್ಮೆ ಎಷ್ಟು ವರ್ಷ ಬದುಕ್ತಾವ್ರಿ? ನನ್ನ ಮಗಳು ಸಾಯೋತನಕ ಇಲ್ಲೇ ಕುಡೀಬೇಕು."

"ಎದ್ದು ಹೋಗ್ರಿ!"

ಇವನ ರಟ್ಟೆ ಹಿಡಿದು ಎಬ್ಬಿಸಿದೆ. ಅಷ್ಟರಲ್ಲಿ ಗಂಡಿನ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮಂಡಿ ಮಡಚಲು ಬರುವಂತಿರಲಿಲ್ಲ. ಕೈಯಲ್ಲಿ ಇನ್ನೊಂದು ತಂಬಿಗೆ.

"ಅಣ್ಣಾ, ನೀವು ನೋಡಿದ್ದು ಫಿಲ್ಟರ್ ನೀರು. ಅದು ಗಂಡಸ್ರಿಗೆ, ನೆಂಟ್ರಿಗೆ. ಇದು ಬೋರಿಂದು, ನಾನು ಕುಡಿಯೋದು. ಇದನ್ನೂ ನೋಡ್ರಿ."

ತಮ್ಮ ಅದ್ದಿದ. ಅಂಕಿ ನೋಡಿದ, ಆಕೆಯ ಮಡಚದ ಮಂಡಿ ನೋಡಿದ. ಅವತ್ತೊಂದು ದಿನ ಕೂಗಲಿಲ್ಲ.

"ಎಷ್ಟು ವರ್ಷ ಆತು ತಾಯಿ, ಇದನ್ನ ಕುಡಿಯಾಕೆ ಹತ್ತಿ?"

"ಮದುವೆಯಾಗಿ ಬಂದಾಗಿಂದ. ಇವತ್ತಿನವರೆಗೆ ಯಾರೂ ಕೇಳಿರ್ಲಿಲ್ಲ."

ತಮ್ಮ ಗಂಡಿನ ತಂದೆಯ ಕಡೆ ತಿರುಗಿದ. "ಮಗಳನ್ನ ಕೊಡ್ತೀನ್ರಿ. ಆದ್ರೆ ಅತ್ತೆ ಮೊದ್ಲು ಒಳ್ಳೇ ನೀರು ಕುಡೀಲಿ, ಆಮೇಲೆ ಸೊಸೆ."

ಆ ಮನುಷ್ಯ ಒಳಗೆ ಹೋಗಿ ಫಿಲ್ಟರ್ ನೀರಿನ ಕ್ಯಾನು ಬಗ್ಗಿಸಿ, ತಂಬಿಗೆ ತುಂಬಿಸಿ ತಂದು ಹೆಂಡತಿಯ ಮುಂದೆ ಹಿಡಿದ. ಆಕೆ ಒಮ್ಮೆ ಎಲ್ಲರ ಮುಖ ನೋಡಿದರು. ನಿಂತೇ, ಒಂದೇ ಉಸಿರಿಗೆ ಅಷ್ಟನ್ನೂ ಕುಡಿದರು.