ಹಿಂದಿನ ದಿನವೇ ಮುಗಿದ ಉದ್ಘಾಟನೆ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸಂಘದ ಉದ್ಘಾಟನೆಯನ್ನು, ಅದು ನಡೆಯುವ ಹಿಂದಿನ ದಿನವೇ, ನಾನೊಬ್ಬನೇ ಕೂತು ಭರ್ಜರಿಯಾಗಿ ನೆರವೇರಿಸಿದ್ದೆ. ಭಾಷಣ, ಚಪ್ಪಾಳೆ, ವಂದನಾರ್ಪಣೆ ಎಲ್ಲ ಒಂದೂವರೆ ಹಾಳೆಯಲ್ಲಿ ಮುಗಿದಿತ್ತು. ಇದು ಎಂಟು ವರ್ಷದ ಮೇಲೆ ನಿನ್ನನ್ನೇ ಹುಡುಕಿಕೊಂಡು ಬರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ, ಅವರ ದನಿಯನ್ನೇ ಅಣಕಿಸಿ ನಕ್ಕುಬಿಡುತ್ತಿದ್ದೆ.

ಸಂಘದ ಹೆಸರು ‘ಕಡೂರು, ತರೀಕೆರೆ, ಅಜ್ಜಂಪುರ ಶಾಲಾ ಸುದ್ದಿ ಶಿಕ್ಷಕರ ಸಂಘ’. ಹೆಸರಿಗೆ ಬೇಕಾದಷ್ಟು ಜಾಗ ಸದಸ್ಯರ ಪಟ್ಟಿಗೆ ಬೇಕಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಪ್ರತಿ ಶಾಲೆಯಲ್ಲೂ ಒಬ್ಬ ಪಾಪದ ಮೇಷ್ಟ್ರು ಇರುತ್ತಿದ್ದರು. ಪೋಷಕರಿಗೆ ನೋಟೀಸು ಬರೆಯುವುದು, ಮೈಕಿನಲ್ಲಿ ಕೂಗುವುದು, ಶಾಲೆಯ ಸಮಾರಂಭದ ವರದಿಯನ್ನು ಜಿಲ್ಲೆಯ ಪತ್ರಿಕೆಗೆ ಕಳಿಸುವುದು ಅವರ ಪಾಲು. ಅಕ್ಷರ ದುಂಡಗಿದ್ದವರನ್ನು ಹುಡುಕಿ ಈ ಕೆಲಸ ಕೊಡುತ್ತಿದ್ದರು. ನನ್ನ ಅಕ್ಷರ ದುಂಡಗಿರಲಿಲ್ಲ. ಹೆಡ್‌ಮಾಸ್ಟರರ ಕೆಮ್ಮನ್ನು ಅವರ ಬೆನ್ನ ಹಿಂದೆಯೇ ಕೆಮ್ಮಿ ತೋರಿಸಿ ಸಿಕ್ಕಿಬಿದ್ದೆ. ಅದಕ್ಕೆ ಬಿದ್ದ ಶಿಕ್ಷೆ ಇದು.

ವರದಿಯ ಕವರನ್ನು ಸಮಾರಂಭದ ದಿನದ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕಿತ್ತು. ಸಮಾರಂಭ ಮುಗಿಸಿಕೊಂಡು ಬರೆದರೆ ಆ ಬಸ್ಸು ತಪ್ಪಿ ಸುದ್ದಿ ಹಳಸುತ್ತಿತ್ತು. ಹಾಗಾಗಿ ನಾವೆಲ್ಲ ಮುಂಚಿನ ದಿನವೇ ಬರೆದಿಡುತ್ತಿದ್ದೆವು. ಅತಿಥಿಗಳು ಹೇಗೂ ‘ಕರೆ ನೀಡಿದರು’, ಮಕ್ಕಳು ಹೇಗೂ ‘ರಂಜಿಸಿದರು’. ಒಮ್ಮೆ ಕ್ರೀಡಾಕೂಟದ ದಿನ ಮಳೆ ಬಂದು ಮಕ್ಕಳೆಲ್ಲ ಮನೆಗೆ ಓಡಿದರೂ, ಪತ್ರಿಕೆಯಲ್ಲಿ ಅವರು ಬಿಸಿಲನ್ನೂ ಲೆಕ್ಕಿಸದೆ ಓಡಿದ್ದರು.

ಸಂಘ ಕಟ್ಟಿದ್ದು ಅಜ್ಜಂಪುರದ ಗೌರಮ್ಮ ಮೇಡಂ. ಹಿರೇನಲ್ಲೂರು, ದೇವನೂರು ಎನ್ನದೆ ಶಾಲೆ ಶಾಲೆಗೂ ಕಾರ್ಡು ಬರೆದು ತಮ್ಮ ಶಾಲೆಯಲ್ಲೇ ಸಭೆ ಕರೆದವರು ಅವರು. ಉದ್ಘಾಟನೆಗೆ ಕಡೂರಿನ ಹಿರಿಯ ಹೆಡ್‌ಮಾಸ್ಟರ್ ರುದ್ರಪ್ಪನವರು ಬರಬೇಕಿತ್ತು. ಮಾತಿಗೊಮ್ಮೆ ‘ಏನಪ್ಪಾ ಅಂದ್ರೆ’ ಎಂದು ನಿಂತು, ಶಲ್ಯ ಎಳೆದುಕೊಂಡು ಮುಂದುವರಿಯುವುದು ಅವರ ಅಭ್ಯಾಸ. ನಾನು ಕನ್ನಡಿಯ ಮುಂದೆ ಟವೆಲ್ ಹೊದ್ದು ಅವರಂತೆ ಭಾಷಣ ಮಾಡಿ, ಅದನ್ನೇ ಬರೆದು, ಅವರನ್ನು ಸಂಘದ ಸ್ಥಾಪಕರನ್ನಾಗಿಯೂ ಮಾಡಿ ಬಸ್ಸಿಗೆ ಕೊಟ್ಟೆ. ಉದ್ಘಾಟನೆಯ ದಿನ ರುದ್ರಪ್ಪನವರಿಗೆ ಬೀರೂರಿನಲ್ಲಿ ರೈಲು ತಪ್ಪಿತು. ಅಲ್ಲೇ ಷಡ್ಡಕನ ಮನೆಯಲ್ಲಿ ಉಂಡು ವಾಪಸಾದರು. ಗೌರಮ್ಮನವರು ಬಂದಿದ್ದ ಒಂಬತ್ತು ಜನರನ್ನು ಕೂರಿಸಿಕೊಂಡು, ನಾಲ್ಕು ಮಾತಾಡಿ, ತಾವೇ ಮಾಡಿದ ತಿಂಡಿ ಕೊಟ್ಟು ಸಂಘ ಶುರು ಮಾಡಿಬಿಟ್ಟರು. ಪತ್ರಿಕೆಯಲ್ಲಿ ಅವರ ಹೆಸರೇ ಇರಲಿಲ್ಲ.

ಮೊದಲ ವರ್ಷ ರುದ್ರಪ್ಪನವರು ಆ ಸುದ್ದಿಗೆ ಸುಮ್ಮನೆ ನಕ್ಕರು. ಎರಡನೆಯ ವರ್ಷ ಅದನ್ನು ಕತ್ತರಿಸಿ ಗಾಜಿನ ಕಟ್ಟು ಹಾಕಿಸಿದರು. ಮೂರನೆಯ ವರ್ಷದಿಂದ ಅವರಿಗೆ ನೆನಪಾಗತೊಡಗಿತು. ಭಾಷಣ ಕೇಳಿ ಹಿಂದಿನ ಸಾಲಿನ ಮೇಷ್ಟ್ರೊಬ್ಬರು ಕಣ್ಣೊರೆಸಿಕೊಂಡಿದ್ದನ್ನು, ನಾನು ಬರೆದೇ ಇರದದ್ದನ್ನು, ಅವರು ನನಗೇ ಹೇಳಿದರು.

ಎಂಬತ್ತರ ದಶಕ ಶುರುವಾದ ಮೇಲೆ ಸಂಘದ ಇತಿಹಾಸ ಪುಸ್ತಕವಾಗಬೇಕೆಂದು ತೀರ್ಮಾನವಾಯಿತು. ಬರೆಯಬೇಕಾದವನು ನಾನು. ಆ ತಿಂಗಳೇ ಗೌರಮ್ಮನವರಿಗೆ ನಿವೃತ್ತಿ. ಇಷ್ಟು ವರ್ಷ ತುಟಿಬಿಚ್ಚದವರು ಅಂದು ನನ್ನನ್ನು ಕರೆದು, “ಪೇಪರ್ನಾಗೆ ಏನಾರ ಹಾಕ್ಕೊಳಪ್ಪ, ನಾಳಿಕೆ ಅದರಾಗೆ ಮಂಡಕ್ಕಿ ಕಟ್ತಾರೆ. ಪುಸ್ತಕ ಹಂಗಲ್ಲ ಕಣೋ,” ಎಂದರು. ನಿಜ ಬರೆದರೆ ನಾನು ಸುಳ್ಳುಗಾರ, ಜೊತೆಗೆ ಅಷ್ಟೂ ಶಾಲೆಗಳ ವರದಿಗಳ ಮೇಲೆ ಇಲಾಖೆಯ ಕಣ್ಣು. ಬರೆಯದಿದ್ದರೆ ಅವರ ಹೆಸರು ಶಾಶ್ವತವಾಗಿ ಹೋಯಿತು. ಧೈರ್ಯವಂತನಾದ ನಾನು ಮೊದಲ ಪುಟವನ್ನು ಎರಡು ಥರ ಬರೆದು ಎರಡು ಜೇಬಿನಲ್ಲಿಟ್ಟುಕೊಂಡು ತರೀಕೆರೆಯ ಸಭೆಗೆ ಹೋದೆ.

ಓದು ಎಂದರು. ಎದ್ದು ನಿಂತೆ. ಯಾವ ಜೇಬಿಗೂ ಕೈ ಹೋಗಲಿಲ್ಲ. ಮೂರೂರಿನ ಜನರ ದನಿ ತೆಗೆಯುವ ನನಗೆ ನನ್ನ ದನಿಯೇ ಹೊರಡಲಿಲ್ಲ. ನನ್ನ ಒದ್ದಾಟ ನೋಡಲಾರದೆ ರುದ್ರಪ್ಪನವರೇ ಕಟ್ಟು ಹಾಕಿಸಿದ ಸುದ್ದಿಯನ್ನು ಚೀಲದಿಂದ ತೆಗೆದು, “ಏನಪ್ಪಾ ಅಂದ್ರೆ, ಇದನ್ನೇ ಹಾಕಯ್ಯ. ಅವತ್ತು ನಾನು ಆಡಿದ್ದು ಒಂದು ಮಾತೂ ಬಿಟ್ಟಿಲ್ಲ,” ಎಂದರು.

ಗೌರಮ್ಮನವರು ಬಹಳ ವಿನಯದಿಂದ, “ಸರ್, ಅವತ್ತು ತಿಂಡಿ ಏನಿತ್ತು?” ಎಂದು ಕೇಳಿದರು.

ರುದ್ರಪ್ಪನವರು ಶಲ್ಯ ಎಳೆದುಕೊಂಡರು. ಕನ್ನಡಕ ಹಾಕಿಕೊಂಡು ಕಟ್ಟನ್ನು ಹತ್ತಿರ ಹಿಡಿದು ಮೇಲಿನಿಂದ ಕೆಳಕ್ಕೆ ಓದಿದರು. ಮತ್ತೊಮ್ಮೆ ಓದಿದರು. ಕೊನೆಗೆ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಸಂಘದ ಸ್ಥಾಪಕರು ಯಾರೆಂಬ ಪ್ರಶ್ನೆ ಆಮೇಲೆ ಯಾವತ್ತೂ ಏಳದಂತೆ ಗೌರಮ್ಮನವರು ಹೇಳಿದ್ದು ಇಷ್ಟೇ:

“ಅದರಾಗೆ ಹುಡುಕಬ್ಯಾಡಿ ಸರ್. ಇವನು ಅದನ್ನ ಬರ್ಯೋ ಹೊತ್ತಿಗೆ ನಾನಿನ್ನೂ ಒಲೆ ಹಚ್ಚಿರ್ಲಿಲ್ಲ.”